ಖಾಲಿ ಗಾಡಿ ತೂಕ

ತುಂಬಿದ ಗಾಡಿ ಮೊದಲು, ಖಾಲಿ ಗಾಡಿ ಆಮ್ಯಾಲ.
ಎರಡರ ನಡುವಿನದಷ್ಟೇ ಮಾಲು.
ರಾಯಚೂರಿನ ಗಂಜಿನ ಹೊರಗ, ಕಾಟಾದ ಕಿಟಕ್ಯಾಗ
ಹದಿನಾರು ವರ್ಷ ಕುಂತು
ಇದೊಂದೇ ಕಳೆಯೂ ಲೆಕ್ಕ ನಾ ಕಲಿತದ್ದು.

ಹೈದರಾಬಾದಿನ ಡಾಕ್ಟರಿಗೂ ಅದೇ ಲೆಕ್ಕ.
ಹೋಗುವಾಗ ನೂರಾ ಮೂವತ್ತೊಂದು,
ವರ್ಷ ತುಂಬೂದ್ರಾಗ ಎಂಬತ್ತಮೂರು.
ನಡುವಿನ ನಲವತ್ತೆಂಟು ಕಿಲೋ,
ಅಂದ್ರ ಸೋನಾಮಸೂರಿ ಸಣ್ಣ ಚೀಲ ಎರಡಕ್ಕ ಎರಡು ಕಿಲೋ ಕಮ್ಮಿ,
ಯಾವ ಮಿಲ್ಲಿನಾಗ ಇಳಿಸಿದೆ, ಯಾರ ಸಹಿ ತಗೊಂಡೆ,
ರಸೀದಿ ಇಲ್ಲ.

ಹೊಟ್ಟಿ ಈಗ ಒಂದು ಬಾಳೆಹಣ್ಣಿನಷ್ಟು.
ಎರಡು ಚಮಚ ಒಗ್ಗರಣಿ ತಿಂದ್ರ ಎದಿತನಕ ತುಂಬತದ.
ಸಂಜಿ ಐದಕ್ಕ ಎದುರಿನ ಬಂಡ್ಯಾಗ
ಮಿರ್ಚಿ ಎಣ್ಣ್ಯಾಗ ಬಿದ್ದ ಸಪ್ಪಳಕ್ಕ
ಕಿವಿ ಇವತ್ತಿಗೂ ನೆಟ್ಟಗಾಗತಾವ.
ಹೊಟ್ಟಿ ಕೊಯ್ದರು, ಕಿವಿ ಕೊಯ್ಯಲಿಲ್ಲ.

ಹಸಿವಿಗಂತ ತಿಂದಾಕಿ ಅಲ್ಲ ನಾನು.
ರಾತ್ರಿ ಎರಡಕ್ಕ, ಲಾರಿ ಇಲ್ಲದ ಹೊತ್ತಿನಾಗ,
ಈ ತಗಡಿನ ಕೋಣ್ಯಾಗ
ಬಿಸ್ಕೀಟ್ ಪುಡಿಕಿ ಹರಿಯೂ ಸಪ್ಪಳಾನೇ
ನನ್ನ ಜೋಡಿ ಮಾತಾಡತಿತ್ತು.
ಆ ಗೆಳತೀನ ಹೊರಗ ಹಾಕ್ಯಾರ.
ಅಕಿ ಕುಂತ ಜಾಗ ಹಂಗೇ ಅದ.

"ಅಂಬಕ್ಕಾ, ಕಾಟಾ ಬಿಟ್ಟು ದೂರ ನಿಲ್ಲು,
ನನ್ನ ಭತ್ತದಾಗ ನಿನ್ನ ತೂಕ ಸೇರೀತು"
ಅಂತಿದ್ದ ದೇವದುರ್ಗದ ಬೂದೆಪ್ಪ.
ಈಗ "ಎಷ್ಟ್ ಛಂದ ಆಗೀಯವ್ವಾ" ಅಂತಾನ.
ಎರಡೂ ಸಲ ನಕ್ಕೀನಿ.
ಒಂದೇ ನಗಿ, ಗುಂಜಿ ಹೆಚ್ಚಿಲ್ಲ, ಗುಂಜಿ ಕಮ್ಮಿ ಇಲ್ಲ.

ಮೊಣಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.
ನೂರಾ ಮೂವತ್ತೊಂದನ್ನೇ ಹೊತ್ತಂಗ
ಪಾವಟಿಗಿ ಪಾವಟಿಗಿಗೂ ನರಳತದ.
ಚೀಲ ಇಳಿಸಿದ ಮ್ಯಾಲೂ ಬೆನ್ನು ನೆಟ್ಟಗಾಗದ
ಹಮಾಲರನ್ನ ದಿನಾ ನೋಡತೀನಿ.
ಅವರಿಗೊಂದು ದಿನಾ ಬೈದಾಕಿ ಅಲ್ಲ.
ನನ್ನ ಕಾಲಿಗೆ ಬೈದೀನಿ.

ಮಾನ್ವಿಯ ಫರ್ಜಾನಾ, ಬಾಜೂ ಮಂಚದಾಗಿದ್ದಾಕಿ,
ರಾತ್ರಿ ಪಾಳಿ ಗೊತ್ತಿಟ್ಟು ಫೋನ್ ಮಾಡತಾಳ.
"ಹತ್ತರಾಗ ಎಷ್ಟು?"
ಥೇಟ್ ಡಾಕ್ಟರ್ ಕೇಳಿದಂಗ.
"ಎಡಗಾಲು ಏಳು. ನಿಂದು?"
"ಕಾಲು ನಾಕು. ಮನಸು..."
ಅಂದು ಸುಮ್ಮಾದಳು.
ಅಂಕಿ ಹುಡುಕತಿದ್ದಳೇನೋ, ನಾನೂ ಕಾಯ್ದೆ.
ಅಕಿ ಮನ್ಯಾಗ ಫ್ಯಾನು ತಿರಗೂದು ಕೇಳಸತಿತ್ತು.
"ಹಳೇ ಫೋಟೋ ಎಲ್ಲಾ ಹರದು ಒಗದಾರ ಅಕ್ಕಾ,
ಅಪಶಕುನ ಅಂತ.
ಅದ್ರಾಗ ಇದ್ದಾಕಿನೂ ನಾನೇ ಅಲ್ಲೇನು?
ಅಕಿ ಬಿರ್ಯಾನಿ ಮಾಡಿದ್ರ
ಓಣಿಗೆ ಓಣಿನೇ ಬರತಿತ್ತು."

ನನಗ ಏನು ಹೇಳಬೇಕೋ ತಿಳಿಲಿಲ್ಲ.
"ನೀರು ಕುಡಿ, ಗುಟುಕು ಗುಟುಕು" ಅಂದೆ.

ಫೋನ್ ಇಟ್ಟ ಮ್ಯಾಲ ಕಂಪ್ಯೂಟರಿನಾಗ ಬರೇ ಸೊನ್ನಿ.
ತೂಕದ ಮ್ಯಾಲ ಮನುಷ್ಯಾರು ನಿಲ್ಲಬಾರದು,
ಬೋರ್ಡ್ ನಾನೇ ಬರಸೀನಿ.
ಹೋಗಿ ನಿಂತೆ,
ಅರವತ್ತು ಟನ್ನಿನ ಕಬ್ಬಿಣದ ನಟ್ಟನಡುವ,
ಚಪ್ಪಲಿ ಬಿಟ್ಟು.
ಹಗಲಿನ ಬಿಸಲು ಅದರಾಗ ಇನ್ನೂ ಇತ್ತು.

ಕಿಟಕಿ ಮ್ಯಾಲ ಕೆಂಪು ಅಂಕಿ: ಎಂಬತ್ತು.

ಹತ್ತರ ಕೆಳಗಿನದು ಈ ಕಾಟಾಕ್ಕ ಕಾಣಂಗಿಲ್ಲ.
ಮೂರು ಕಿಲೋ ನುಂಗಿಬಿಡ್ತು.
ಏನೇನಿತ್ತೋ ಅಷ್ಟರಾಗ:
ತೋಳಿನ ಕೆಳಗ ಮಡಚಿಟ್ಟ ಖಾಲಿ ಚೀಲದಂಥ ಚರ್ಮ,
ಹಣಿಗಿಗೆ ಬಂದು ಉಳದ ಕೂದಲು,
ಫರ್ಜಾನಾ ಸುಮ್ಮಾದದ್ದು.
ನನ್ನ ಏಳೂ ಹತ್ತಕ್ಕಿಂತ ಕಮ್ಮಿನೇ ಅಲ್ಲ?
ಕಾಟಾದ್ದೇನೂ ತಪ್ಪಿಲ್ಲ.

ಗೇಟಿನಾಗ ಹಾರ್ನು. ಹತ್ತಿ ಲಾರಿ.
"ತಡಿಯಪ್ಪಾ" ಅಂತ ಕೈ ಎತ್ತಿದೆ.
ಕಂಬಿ ಹಿಡಿದು ಎಡಗಾಲು ಮೊದಲು,
ಆಮ್ಯಾಲ ಸ್ವಲ್ಪ ನಿಂತು, ಬಲಗಾಲು.
ಡ್ರೈವರ್ ಲೈಟು ಸಣ್ಣ ಮಾಡಿ
ಕಾದ.